ಹಿಮದ ಕವಿತೆಗೆ ಒಂದು ಸಾವು

ಎಂ.ಎ. ಇಂಗ್ಲಿಷ್ ಪರೀಕ್ಷೆಯಲ್ಲಿ ಈಗ ಯಾರೂ ಉತ್ತರ ಬರೆಯುವುದಿಲ್ಲ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕವಿತೆ ಓದಬೇಕು; ಎದೆ ಎಷ್ಟು ಕಲಕಿತೋ ಪಟ್ಟಿ ಅಷ್ಟು ಅಂಕ ತೋರಿಸುತ್ತದೆ. ನಲವತ್ತು ಬಂದರೆ ಪಾಸು.

ಈ ಸಲ ನನಗೆ ಬಂದದ್ದು ಲಂಡನ್ನಿನ ಗೋರಿಯೊಂದರ ಮೇಲೆ ಹಿಮ ಬೀಳುವ ಕವಿತೆ. ನಾನು ಬೀಳಗಿಯವಳು, ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಇಂಥ ಕವಿತೆಗಳಿಗೆ ನಾವೆಲ್ಲ ಮನೆಯ ಯಾವುದಾದರೊಂದು ಸಾವನ್ನು ನೆನೆದುಕೊಳ್ಳುತ್ತೇವೆ. ತೀರಿಹೋದ ಅಪ್ಪ ನನ್ನನ್ನು ಮೂರು ಸೆಮಿಸ್ಟರ್ ಪಾಸು ಮಾಡಿಸಿದ್ದ. ಇವತ್ತು ಅವನ ಮುಖ ನೆನೆದರೂ ಏನೂ ಆಗಲಿಲ್ಲ. ಪಟ್ಟಿ ಹನ್ನೊಂದು ತೋರಿಸಿತು.

“ಅಪ್ಪ ಸವದು ಹೋಗ್ಯಾನ್ರೀ ಸರ್,” ಎಂದೆ.

ಪರೀಕ್ಷಕ ಇನಾಮದಾರ ಸರ್ ಚಹಾ ಕುಡಿಯುತ್ತ ಹೇಳಿದರು: “ನಾಕನೇ ಸೆಮಿಸ್ಟರಿಗೆ ಎಲ್ಲಾರ್ದೂ ಹಂಗ ಆಗ್ತದವಾ. ನಿಮ್ಮವ್ವ ಅದಾಳಲ್ಲ? ಆಕಿ ಸತ್ತಾಳಂತ ತಿಳ್ಕೊಂಡು ಇನ್ನೊಮ್ಮೆ ಓದು.”

ಹೊರಗೆ ಬೇವಿನ ಮರದ ಕೆಳಗೆ ಅವ್ವ ಬುತ್ತಿ ಇಟ್ಟುಕೊಂಡು ನನಗಾಗಿ ಕಾಯುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು. ನಾನು ಕವಿತೆ ಎತ್ತಿಕೊಂಡು, ಒಂದೊಂದು ಸಾಲನ್ನೂ ಸರ್ ಮುಖ ನೋಡುತ್ತಲೇ ಓದಿದೆ. ಪಟ್ಟಿ ತೊಂಬತ್ತೆಂಟಕ್ಕೆ ಹೋಗಿ ನಿಂತಿತು.

ಸರ್ ಕಣ್ಣೊರೆಸಿಕೊಂಡರು. “ಇದಕ್ಕ ಓದೂದು ಅಂತಾರವಾ. ಅವ್ವನ್ನ ಎಷ್ಟು ಹಚ್ಚಿಕೊಂಡೀ ನೋಡು.”

ಪಟ್ಟಿ ಬಿಚ್ಚಿ ಅವರ ಚಹಾದ ಬಶಿಯಲ್ಲಿಟ್ಟೆ.

“ಅವ್ವನ್ನ ನೆನಸಲಿಲ್ರೀ ಸರ್. ಆ ಗೋರಿಯೊಳಗ ನಿಮ್ಮನ್ನ ಮಲಗಿಸಿದ್ದೆ.”