ನೂರು ಸುತ್ತಿಗೊಂದು ಶೇಂಗಾ

ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ ಶಂಕ್ರೆಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ. ಮಗಳು ಸೌಂದರ್ಯಾ ಬಿಚ್ಚಿದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕುತ್ತಿದ್ದಳು. ಸುತ್ತಲೂ ಸ್ಕ್ರೂ, ವೈರಿನ ತುಂಡು, ಕೊರಿಯರಿನಲ್ಲಿ ಬಂದ ಖಾಲಿ ಪೊಟ್ಟಣಗಳು.

“ಏನಾತವಾ?”

“ಎಲ್ಲಾ ಹೊಸಾವು ಹಾಕಿದ್ನೆಪ್ಪಾ. ತಂತಿ ಬಿಗಿಯೋ ಕಿವಿ ಬದಲಿಸಿದೆ, ದನಿ ಏರಿಸೋ ಗುಂಡಿ ಬದಲಿಸಿದೆ, ಒಳಗಿನ ವೈರೆಲ್ಲಾ ಬದಲಿಸಿದೆ. ಕಡೀ ಸ್ಕ್ರೂ ಬಿಗಿಯೋ ಮುಂದ ಡ್ರೈವರ್ ಜಾರಿ ಪಿಕಪ್ಪಿಗೆ ಚುಚ್ಚಿತು. ಈಗ ಪಿಟಕ್ ಅನ್ನವಲ್ಲದು.”

ಸಂಜೆ ಆರಕ್ಕೆ ಅವರೂರು ತಾಂಬಾದ ಬುದ್ಧವಿಹಾರದ ಮುಂದೆ ಬುದ್ಧ ಪೂರ್ಣಿಮೆಯ ಕಾರ್ಯಕ್ರಮ. ತಾನೇ ಕಟ್ಟಿದ ಹಾಡನ್ನು ಅವಳು ಮೊದಲ ಸಲ ಊರೆದುರು ಹಾಡುವವಳಿದ್ದಳು. ಅವಳ ಅಗ್ಗದ ಗಿಟಾರು ತಾಲೀಮಿನಲ್ಲಿ ಕರಕರ ಅನ್ನುವುದನ್ನು ಕೇಳಿ ಕಾರ್ಯಕ್ರಮದ ಹಾಡಿನ ಮೇಳ ನಡೆಸುವ ಅನಿಲಕುಮಾರ, “ಇದು ಹಿಂಗ ಗೊರಕಿ ಹೊಡದ್ರ ನಿನ್ನ ಹಾಡು ಮುಂದಿನ ವರ್ಷ ನೋಡೋಣು” ಅಂದಿದ್ದ. ಅದಕ್ಕೇ ಈ ರಿಪೇರಿ. ಗಿಟಾರಿಗೆ ಇದ್ದದ್ದೇ ಒಂದು ಪಿಕಪ್ಪು, ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಬೆರಳುದ್ದದ ಡಬ್ಬಿ. ಇನ್ನೊಂದನ್ನು ತರಿಸುವಷ್ಟು ಹೊತ್ತಿರಲಿಲ್ಲ.

ಶಂಕ್ರೆಪ್ಪ ಮೂವತ್ತು ವರ್ಷದಿಂದ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತ ಬಂದವನು. ಗಿಟಾರು ಎರಡು ವರ್ಷದಿಂದ ಮನೆಯಲ್ಲಿದ್ದರೂ ದನಿಯೆಲ್ಲ ಕಟ್ಟಿಗೆಯಲ್ಲೇ ಇದೆ ಎಂದುಕೊಂಡಿದ್ದ. ಈಗ ಕನ್ನಡಕ ಏರಿಸಿ ಆ ಡಬ್ಬಿಯ ಮುಚ್ಚಳ ತೆಗೆದ. ಆರು ಪುಟ್ಟ ಅಯಸ್ಕಾಂತ. ಅವುಗಳ ಸುತ್ತ ಕೂದಲಿನಂಥ ಕೆಂಪು ತಂತಿ, ಒಂದು ಮಗ್ಗುಲಲ್ಲಿ ಹರಿದು ಚಿಂದಿಯಾಗಿತ್ತು.

“ಸಾವಿತ್ರೀ, ಬಾ ಇಲ್ಲೆ” ಎಂದು ಹೆಂಡತಿಯನ್ನು ಕೂಗಿದ. “ಇದರಾಗ ವೈಂಡಿಂಗ್ ಐತಿ. ನನ್ನ ಕೆಲಸಾನ ಇದರಾಗ ಕುಂತೈತಿ.”

ಊಟದ ಮಾತೇ ಮರೆತುಹೋಯಿತು. ಬೈಕ್ ಹತ್ತಿ ಅಂಗಡಿಗೆ ಹೋಗಿ, ಹಳೆಯ ಸ್ಟಾರ್ಟರೊಂದರ ಕಾಯಿಲಿನಿಂದ ತೀರ ಸಣ್ಣ ತಂತಿ ಬಿಚ್ಚಿ ತಂದ. ಅಂಗಡಿಯ ಸುತ್ತುವ ಯಂತ್ರದ ಎಳೆತಕ್ಕೆ ಆ ತಂತಿ ಎರಡು ಸಲ ಹರಿಯಿತೆಂದು ಹೇಳಿದ. ಸಾವಿತ್ರವ್ವ ಅರ್ಧ ಹೊಲಿದ ಕುಪ್ಪಸವನ್ನು ಬದಿಗಿಟ್ಟಳು.

“ನನ್ನ ಮಷಿನ್ ತಗೋರಿ. ಗಾಲಿ ನಾ ತಿರುವ್ತೇನಿ. ಮೂವತ್ತು ವರ್ಷ ದಾರ ಹರೀದಂಗ ತಿರುವೇನಿ.”

ಹೊಲಿಗೆ ಮಷಿನ್ನಿನ ಗಾಲಿಗೆ ಪಿಕಪ್ಪನ್ನು ಅಂಟಿಸಿದರು. ಸಾವಿತ್ರವ್ವ ತಿರುವಿದಳು, ಶಂಕ್ರೆಪ್ಪ ಎರಡು ಬೆರಳಲ್ಲಿ ತಂತಿ ಹಿಡಿದು ಸುತ್ತು ಕೂಡಿಸಿದ, ಸೌಂದರ್ಯಾ ಎಣಿಸಿದಳು. ನಾಲ್ಕು ಸಾವಿರ ಸುತ್ತು ಬೇಕು ಎಂದು ಅವಳ ಲೆಕ್ಕ. ತಪ್ಪಬಾರದೆಂದು ನೂರು ಸುತ್ತಿಗೊಂದು ಶೇಂಗಾ ಬೀಜವನ್ನು ತಟ್ಟೆಗೆ ಹಾಕುತ್ತ ಹೋದಳು. ಮೂರೂವರೆಯಾಯಿತು. ಸೆಕೆಗೆ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಯಾರಿಗೂ ಕೈ ಬಿಡುವಿರಲಿಲ್ಲ.

“ಒಂದೀಟು ನೀರು ಕುಡೀರಿ” ಎಂದು ಗಾಲಿ ನಿಲ್ಲಿಸಿದ ಸಾವಿತ್ರವ್ವ ತಟ್ಟೆ ನೋಡಿದಳು. ಆಮೇಲೆ ಗಂಡನ ಬಾಯಿ ನೋಡಿದಳು. ಶಂಕ್ರೆಪ್ಪನ ಬಲಗೈ ತಂತಿ ಹಿಡಿದಿತ್ತು. ಎಡಗೈಗೆ ಹಸಿವಾಗಿತ್ತು.

“ಅಪ್ಪಾ, ಎಷ್ಟು ತಿಂದಿ?” ಸೌಂದರ್ಯಾ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

ಶಂಕ್ರೆಪ್ಪ ಅಗಿಯುವುದನ್ನು ನಿಲ್ಲಿಸಿದ. “ಆರೋ, ಏಳೋ.”

“ಅಂದ್ರ ಆರನೂರೋ, ಏಳನೂರೋ.”

ಮೊದಲು ನಕ್ಕವಳು ಸಾವಿತ್ರವ್ವ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಸೌಂದರ್ಯಾ ನೆಲಕ್ಕೆ ಒರಗಿದಳು. “ನಗಬ್ಯಾಡ್ರೇ, ತಂತಿ ಹರೀತೈತಿ” ಎಂದು ಕೈ ಅಲುಗಿಸದೆ ಗದರುತ್ತಿದ್ದ ಶಂಕ್ರೆಪ್ಪನ ಹೊಟ್ಟೆ ಮಾತ್ರ ತಾನಾಗಿಯೇ ಕುಣಿಯುತ್ತಿತ್ತು. ಕಡೆಗೆ ಲೆಕ್ಕ ಬಿಟ್ಟು ಡಬ್ಬಿ ತುಂಬುವ ತನಕ ಸುತ್ತಿದರು.

ಐದಕ್ಕೆ ಬೆಸುಗೆ ಮುಗಿಯಿತು. ಸೌಂದರ್ಯಾ ವೈರನ್ನು ಸ್ಪೀಕರಿಗೆ ಚುಚ್ಚಿ, ಕಣ್ಣು ಮುಚ್ಚಿಕೊಂಡು ಒಂದು ತಂತಿ ಮೀಟಿದಳು. ಹಳೆಯ ಕರಕರ ಇಲ್ಲ, ಗೊರಕೆ ಇಲ್ಲ. ತೆಳ್ಳಗಿನ, ಚುರುಕಾದ ದನಿಯೊಂದು ಪಡಸಾಲೆಯ ಗೋಡೆಗೆ ತಾಗಿ ತಿರುಗಿ ಬಂತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಶಂಕ್ರೆಪ್ಪ ತಾನೂ ಒಮ್ಮೆ ಮೀಟಿದ. ಇನ್ನೊಮ್ಮೆ ಮೀಟಿದ. ಸಾವಿತ್ರವ್ವ ಕೈ ಹಿಡಿದು ಎಳೆಯದಿದ್ದರೆ ಕಾರ್ಯಕ್ರಮಕ್ಕೆ ಹೊತ್ತೇ ಆಗುತ್ತಿತ್ತು.

ಆ ಸಂಜೆ ಸೌಂದರ್ಯಾ ಹಾಡಿದಳು. ಜನ ಇನ್ನೊಮ್ಮೆ ಹಾಡಿಸಿದರು. ಶಂಕ್ರೆಪ್ಪನಿಗೆ ಹಾಡಿನ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಅವನು ಬರೀ ತಾಮ್ರ ಕೇಳುತ್ತ ನಿಂತಿದ್ದ.

ಮರುದಿನ ಬೆಳಿಗ್ಗೆ ಹೊಸದಾಗಿ ಸುತ್ತಿದ ತಂತಿಗೆ ವಾರ್ನಿಶ್ ಹಚ್ಚಿಸಲೆಂದು ಅವಳು ಗಿಟಾರು, ಸ್ಪೀಕರು ಹಿಡಿದು ಅಂಗಡಿಗೆ ಬಂದಳು. ಅಲ್ಲಿ ರೈತ ಬಸಂತರಾಯ ರಿಪೇರಿಗೆ ಕೊಟ್ಟ ತನ್ನ ಹೊಲದ ಮೋಟರ್ ಒಯ್ಯಲು ಅವಸರ ಮಾಡುತ್ತಿದ್ದ. ಶಂಕ್ರೆಪ್ಪ ಮೋಟರಿಗೆ ಕರೆಂಟು ಕೊಟ್ಟ. ಅದು ಗುಂಯ್ ಎಂದು ಹಿಡಿಯಿತು. ದಿನವೂ ಅಂಗೈ ಇಟ್ಟು ಬಿಸಿ ನೋಡುವವನು ಇವತ್ತು ಬಗ್ಗಿ ಕಿವಿ ಇಟ್ಟ.

“ಸೌಂದರ್ಯಾ, ಇದು ಯಾವ ಸ್ವರ ನೋಡವಾ.”

“ನೀರು ಎತ್ತತೈತಿಲ್ಲೋ ಅದನ್ನ ಹೇಳೋ ಮಾರಾಯಾ” ಅಂದ ಬಸಂತರಾಯ.

ಸೌಂದರ್ಯಾ ಗಿಟಾರಿನ ದಪ್ಪ ತಂತಿಯನ್ನು ಮೀಟುತ್ತ, ಅದರ ಕೆಳಗಿನ ಪಟ್ಟಿಗಳ ನಡುವೆ ಒಂದೊಂದೇ ಮನೆ ಬೆರಳು ಸರಿಸುತ್ತ ಹೋಗಿ ಮೂರನೆಯ ಮನೆಯಲ್ಲಿ ನಿಂತಳು. ಎರಡು ದನಿಯೂ ಕೂಡಿಕೊಂಡವು. ಯಾವುದು ಗಿಟಾರು, ಯಾವುದು ಮೋಟರು ಎಂದು ತಿಳಿಯದಂತಾಯಿತು. ಶಂಕ್ರೆಪ್ಪ ಸ್ವಿಚ್ಚಿನತ್ತ ಕೈ ಚಾಚಿದ.

“ಇರ್ಲಿ, ಬಂದ್ ಮಾಡಬ್ಯಾಡ” ಎಂದು ಬಸಂತರಾಯ ಖಾಲಿ ಡಬ್ಬದ ಮೇಲೆ ಕೂತ. “ಇನ್ನೊಂದೀಟು ಹಾಡ್ಲಿ ನನ್ನ ಮೋಟರು.”