ಬಾಗಿಲಿನ ಗಾಜು

“ಈ ಕಿಂಡಿ ಕೊರೆದಿದ್ದು ನೀನೇ ತಾನೆ?” ಎಂದರು ಅಧ್ಯಕ್ಷೆ.

ಬಡಗಿ ತಲೆಯಾಡಿಸಿದ. ಸಂಗೀತ ಶಾಲೆಯ ಸಮಿತಿಯ ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳ ಪಿಟೀಲು ಕೋಣೆಯ ಬಾಗಿಲಲ್ಲಿ, ದೊಡ್ಡವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಅಂಗೈಯಗಲದ ಗಾಜು ಕೂತಿತ್ತು. ಅವನನ್ನು ಕರೆಸಿದ್ದು ಸಡಿಲವಾಗಿದ್ದ ಬಾಗಿಲಿನ ತಿರುಗಣಿ ಬಿಗಿಮಾಡಲು ಮಾತ್ರ.

ಯಾರು ಹೇಳಿದ್ದೆಂದು ಕೇಳಿದರೆ, ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದ. ಅಲ್ಲಿಗೆ ಮುಗಿಯಿತು. ಅಂಥವರನ್ನು ಗುರುತಿಸುವುದು ಅಧ್ಯಕ್ಷೆಗೆ ನೀರು ಕುಡಿದಷ್ಟು ಸುಲಭ. ಮದುವೆಯಿಲ್ಲ, ಮುಖದ ತುಂಬ ಗಡ್ಡ, ಮರದ ಹುಡಿ ಬಿದ್ದು ಕೆಂಪಾದ ಕಣ್ಣು. ಇನ್ನೇನು ಬೇಕು? ‘ಅಂಥವರು’ ಎಂದರೆ ಎಂಥವರು ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರ್ಯಾದಸ್ಥರ ಸಭೆ ಅದು.

ಆಗ ಮೂಲೆಯಲ್ಲಿ ಕೂತಿದ್ದ ಪಿಟೀಲು ಮೇಷ್ಟ್ರು ಎದ್ದು ನಿಂತರು.

“ತಪ್ಪು ಅವನದ್ದಲ್ಲ. ಗಾಜು ಹಾಕಿಸಿದ್ದು ನಾನು. ನನಗದು ಬೇಕು.”

ಸಭೆಯ ಮನಸ್ಸು ಕರಗಿಹೋಯಿತು. ಬಡವನೊಬ್ಬನ ಕೆಲಸ ಉಳಿಸಲು ಅವನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಳ್ಳುವವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ? ಮೇಷ್ಟ್ರು ಮೊದಲಿನಿಂದಲೂ ಹಾಗೆಯೇ. ದೊಡ್ಡವರಿಗೆ ಕಲಿಸಲೆಂದು ಬಂದವರು. ಮಕ್ಕಳ ತರಗತಿಯನ್ನು ಸಮಿತಿಯೇ ಅವರ ಕೊರಳಿಗೆ ಕಟ್ಟಿತ್ತು. ಎರಡು ಸಲ ರಾಜೀನಾಮೆ ಬರೆದುಕೊಟ್ಟರು. ಎಂಥ ವಿನಯ ಎಂದು ಮೆಚ್ಚಿ ಅಧ್ಯಕ್ಷೆ ಎರಡನ್ನೂ ಹರಿದುಹಾಕಿದರು. ಮಗುವಿನ ಬೆರಳು ತಪ್ಪಿದರೆ ಅವರು ಮುಟ್ಟಿ ತಿದ್ದಿದವರಲ್ಲ, ಮೇಜಿನ ಆಚೆಯಿಂದ ಕಮಾನಿನ ತುದಿಯಲ್ಲಿ ತೋರಿಸುವರು. ತಾಯಂದಿರು ಒಳಗೇ ಕೂರಲಿ ಎನ್ನುವರು, ತಾಯಂದಿರಿಗೆ ಪುರುಸೊತ್ತೆಲ್ಲಿ? ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ತೆರೆದೇ ಪಾಠ ಮಾಡುತ್ತಿದ್ದರು. ಪಕ್ಕದ ಕೋಣೆಯವರು ಗಲಾಟೆಯೆಂದು ದೂರಿದ ಮೇಲೆ ಹೋದ ವಾರ ಸಮಿತಿ ಅದನ್ನು ನಿಲ್ಲಿಸಿತ್ತು.

ಬಡಗಿಯನ್ನು ಅಲ್ಲೇ ಕೆಲಸದಿಂದ ತೆಗೆದರು. ಅವನು ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು, ಮೇಷ್ಟ್ರ ಕಡೆ ಒಮ್ಮೆ ನೋಡಿ ಹೊರಟ. ಕಾರ್ಯದರ್ಶಿ ತಾವೇ ಗಾಜಿನ ಮೇಲೆ ಹಲಗೆ ಬಡಿದರು. ಎರಡು ಮೊಳೆ ಡೊಂಕಾದವು.

ನಾಲ್ಕು ಗಂಟೆಗೆ ಅಧ್ಯಕ್ಷೆಯ ಮೊಮ್ಮಗಳ ಪಾಠ. ಎಂಟು ವರ್ಷದ ಹುಡುಗಿ. ಬಡಗಿ ಇನ್ನೂ ಆಸುಪಾಸಿನಲ್ಲೇ ಸುಳಿಯುತ್ತಿದ್ದರೆ ಎಂದು ಅಜ್ಜಿ ಬೀದಿಯ ಎರಡೂ ಕಡೆ ಕಣ್ಣಾಡಿಸಿದರು. ಮಗುವನ್ನು ಒಳಗೆ ಬಿಟ್ಟು ಬಾಗಿಲೆಳೆದರು.

“ಬಾಗಿಲು ತೆಗೆದಿರಲಿ ಅಮ್ಮ,” ಎಂದರು ಒಳಗಿನಿಂದ ಮೇಷ್ಟ್ರು.

“ನೀವೇನೂ ಹೆದರಬೇಡಿ ಮೇಷ್ಟ್ರೇ. ಕಾಯೋಕೆ ನಾನಿದ್ದೀನಿ.”

ಹೊರಗಿನಿಂದ ಚಿಲಕ ಹಾಕಿ, ಮೊಗಸಾಲೆಯ ತುದಿಯಲ್ಲಿ, ಬೀದಿಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತು ಕೋಣೆಯಿಂದ ಟಕ್ ಟಕ್ ಎಂದು ಕೇಳಿಸಿತು. ತಾಳ ಹಾಕುತ್ತಿದ್ದಾರೆ ಎಂದುಕೊಂಡರು. ಆಮೇಲೆ ಪಿಟೀಲು ಶುರುವಾಯಿತು. ಒಂದೇ ಪಾಠ, ಮತ್ತೆ ಮತ್ತೆ, ಇಪ್ಪತ್ತು ನಿಮಿಷ ಬಿಡದೆ. ಬೀದಿಯಿಂದ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಅಜ್ಜಿಗೆ ಸಮಾಧಾನವಾಯಿತು.

ನಾಲ್ಕೂವರೆಗೆ ಚಿಲಕ ತೆಗೆದರು. ಮೊಮ್ಮಗಳು ಒಬ್ಬಳೇ ನಿಂತು ಕಮಾನು ಎಳೆಯುತ್ತಿದ್ದಳು. ನೆಲಮಟ್ಟದ ಕಿಟಕಿ ಹಾರುಹೊಡೆದಿತ್ತು.

“ಮೇಷ್ಟ್ರು ಎಲ್ಲಿ?”

“ಆಗಲೇ ಹೋದ್ರು ಅಜ್ಜಿ. ಬಾಗಿಲು ತಟ್ಟಿ ತಟ್ಟಿ ಕರೆದ್ರು, ನಿಮಗೆ ಕೇಳಿಸಲಿಲ್ಲ. ನಿಲ್ಲಿಸದೆ ನುಡಿಸ್ತಾ ಇರು ಅಂತ ಹೇಳಿ ಕಿಟಕಿಯಿಂದ ಇಳಿದುಬಿಟ್ರು. ಇದನ್ನ ನಿಮಗೆ ಕೊಡಬೇಕಂತೆ.”

ಎರಡು ಹಾಳೆಗಳಿದ್ದವು. ಮೇಲಿನದು ಮೂರನೆಯ ರಾಜೀನಾಮೆ. ಕೆಳಗಿನದು ಮೇಷ್ಟ್ರಿಗೆ ಮನೋವೈದ್ಯರು ಬರೆದುಕೊಟ್ಟ ಚೀಟಿ, ಮಡಿಕೆಗಳಲ್ಲಿ ಸವೆದು ಹರಿಯುವಂತಾಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು:

“ಮಕ್ಕಳ ಮೇಲಿನ ಈ ಸೆಳೆತ ನೀವು ಬೇಡಿ ತಂದುಕೊಂಡದ್ದಲ್ಲ. ಆದರೆ ಬಾಗಿಲು ನಿಮ್ಮ ಕೈಯಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರಬೇಡಿ; ಯಾರಾದರೂ ನಿಮ್ಮನ್ನು ನೋಡುತ್ತಿರುವಂತೆ ನೋಡಿಕೊಳ್ಳಿ.”