ಭರಣಿ ಕಟ್ಟಿದ ಹಾಗೆ

ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯುವಾಗೆಲ್ಲ ನನಗೆ ಕುವೈತಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಚಳಿಗಾಲದ ಮರುಭೂಮಿ ಬಿಡಾರ ಮುಗಿದಿತ್ತು. ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬ್ ಧಣಿಯ, ಡ್ರೈವರ್ ಆಗಿದ್ದ ಅಪ್ಪ, ಅವನ ಕ್ಯಾರವಾನನ್ನು ಬೇಸಿಗೆಯಿಡೀ ಬಯಲಲ್ಲಿ ನಿಲ್ಲಿಸಲು ನೀರಿನ ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿದ್ದರು. ಆದರೂ ಪ್ರತಿವರ್ಷ ಛಾವಣಿಯ ಗಾಳಿಕಿಂಡಿಯಿಂದ ಧೂಳು ನುಗ್ಗುತ್ತಿತ್ತು, ಅಪ್ಪ ಕಫೀಲನಿಂದ ಬೈಗುಳ ತಿನ್ನುತ್ತಿದ್ದರು.

ಅಮ್ಮ ಏಣಿ ಹತ್ತಿ, ತನ್ನ ಮೆತ್ತನೆಯ ಹಳೇ ಸೀರೆಯನ್ನು ಮಡಚಿ ಕಿಂಡಿಗೆ ಬಿಗಿದಳು.

"ಭರಣಿ ಕಟ್ಟಿದ ಹಾಗೆ ಕಟ್ಟಿದ್ದೇನೆ. ಧೂಳು ಹೇಗೆ ಬರ್ತದೆ ನೋಡುವ!"

"ಇದು ಉಪ್ಪಿನಕಾಯಿ ಅಲ್ಲ ಮಾರಾಯ್ತಿ," ಅಪ್ಪ ನಕ್ಕರು.

ನವೆಂಬರಿನಲ್ಲಿ ಬಾಗಿಲು ತೆಗೆದ ಕಫೀಲ್ ಮೇಜಿನ ಮೇಲೆ ಬೆರಳೆಳೆದು ನೋಡಿದ. ಒಂದು ಕಣವೂ ಅಂಟಿರಲಿಲ್ಲ.

ಮುಂದಿನ ಸಲ ಬಿಡಾರ ಕಿತ್ತಾಗ ಕಫೀಲ್ ಹೇಳಿ ಕಳಿಸಿದ್ದು ಅಮ್ಮನಿಗೆ. ಅವಳು ಸೀರೆಯ ಗಂಟು ಹಿಡಿದು ಮನೆಯ ಮೆಟ್ಟಿಲಿಳಿದು ಬಂದಾಗ, ಅಪ್ಪ ಕಾರಿನ ಹಿಂಬಾಗಿಲು ತೆರೆದು ನಿಂತಿದ್ದರು.

"ಯಲ್ಲಾ, ಹೊರಡುವ ಮೇಡಂ!"